ಶೂನ್ಯತೆ ಮತ್ತು ಅನಾತ್ಮ: ಎಡವದೆ ಅರಿಯುವ ಕ್ರಮ

ನಾವು ಕೆಲವರು ವಾರಕ್ಕೊಮ್ಮೆ ಕೂತು ಬೌದ್ಧ ಗ್ರಂಥ ಓದುತ್ತೇವೆ. ಹೊಸಬರು ಬಂದ ಮೂರನೇ ವಾರಕ್ಕೆಲ್ಲ, ಶೂನ್ಯತೆ ಮತ್ತು ಅನಾತ್ಮದ ಬಗ್ಗೆ ಈ ಮೂರರಲ್ಲಿ ಒಂದು ಮಾತು ಬಂದೇ ಬರುತ್ತದೆ. "ಅಂದ್ರೆ ಏನೂ ಇಲ್ಲ ಅಂತಾಯ್ತು." "ಅಂದ್ರೆ ದೇಹ ನಾನಲ್ಲ, ಮನಸ್ಸು ನಾನಲ್ಲ, ಇವನ್ನೆಲ್ಲ ನೋಡೋ ಸಾಕ್ಷಿ ನಾನು." "ಎಲ್ಲ ಸುಳ್ಳು ಅಂದ್ಮೇಲೆ ಪಾಪ ಪುಣ್ಯ ಯಾಕೆ?" ಮೂರೂ ತಪ್ಪು. ಹೀಗೆ ಹೇಳುವವರು ಜಾಣರೇ, ಓದಿಕೊಂಡವರೇ. ಅವರು ಎಡವುವುದು ಕ್ರಮದಲ್ಲಿ. ಏನನ್ನು ಅಲ್ಲಗಳೆಯಬೇಕು ಎಂದು ಗೊತ್ತುಮಾಡಿಕೊಳ್ಳುವ ಮೊದಲೇ ಅಲ್ಲಗಳೆಯಲು ಹೊರಡುತ್ತಾರೆ.

ಕೆಳಗಿನ ಹಂತಗಳು ಪಾಲಿ ಸುತ್ತಗಳಿಂದ, ಅಂದರೆ ಪಾಲಿ ಭಾಷೆಯಲ್ಲಿರುವ ಬುದ್ಧನ ಬೋಧನೆಗಳಿಂದ, ಶುರುವಾಗಿ, ನಾಗಾರ್ಜುನ ಮತ್ತು ಅವನ ವ್ಯಾಖ್ಯಾನಕಾರ ಚಂದ್ರಕೀರ್ತಿಯರ ಬೌದ್ಧ ಪಂಥವಾದ ಮಾಧ್ಯಮಿಕ ದಾರಿಯಲ್ಲಿ ಸಾಗುತ್ತವೆ. ಯೋಗಾಚಾರ ಎಂಬ ಇನ್ನೊಂದು ಬೌದ್ಧ ಪಂಥದವರು ಶೂನ್ಯತೆಯನ್ನು ಬೇರೆ ರೀತಿ ವಿವರಿಸುತ್ತಾರೆ. ಮೊದಲ ಸಲ ಕಲಿಯುವಾಗ ಎರಡನ್ನೂ ಬೆರೆಸಬೇಡಿ.

## ಮೊದಲು ಹೊಂದಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್. ದಿನಕ್ಕೆ 20 ನಿಮಿಷ, ಮೊಬೈಲ್ ಇನ್ನೊಂದು ಕೋಣೆಯಲ್ಲಿ. ವಾದಕ್ಕೆ ಸಿಗುವ ಒಬ್ಬ ಗೆಳೆಯ ಅಥವಾ ಗೆಳತಿ.

ಓದಲು ಎರಡು ಪುಟ್ಟ ಸುತ್ತಗಳು ಸಾಕು: ಅನತ್ತಲಕ್ಖಣ ಸುತ್ತ ಮತ್ತು ಕಚ್ಚಾನಗೋತ್ತ ಸುತ್ತ. ಎರಡೂ ಸಂಯುತ್ತ ನಿಕಾಯ ಎಂಬ ಪಾಲಿ ಸುತ್ತಗಳ ಸಂಗ್ರಹದಲ್ಲಿವೆ. ಆಮೇಲೆ ನಾಗಾರ್ಜುನನ ಮೂಲಮಧ್ಯಮಕಕಾರಿಕೆ; ಅದು ಕಾರಿಕೆಗಳಲ್ಲಿ, ಅಂದರೆ ಶ್ಲೋಕಗಳಲ್ಲಿ, ಬರೆದ ಗ್ರಂಥ. ಅದರಲ್ಲಿ 27 ಪ್ರಕರಣಗಳಿವೆ. ಬಹಳ ಮಂದಿ ಮೊದಲ ಪುಟದಿಂದ ಶುರುಮಾಡಿ, ಎರಡನೇ ಪ್ರಕರಣದ ಚಲನೆಯ ವಾದದಲ್ಲಿ ಸಿಕ್ಕಿಕೊಂಡು, ಪುಸ್ತಕ ಮುಚ್ಚಿಡುತ್ತಾರೆ. ನೀವು 18ನ್ನು ಮೊದಲು ಓದಿ, ನಂತರ 15, ಕೊನೆಗೆ 24. ಉಳಿದವು ಕಾಯುತ್ತವೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಮನೆಯಲ್ಲಿ ಇತ್ತೀಚೆಗೆ ಸಾವಾಗಿದ್ದರೆ, ತೀವ್ರ ಖಿನ್ನತೆಯಿದ್ದರೆ, 'ನಾನು ನಾನಲ್ಲ, ಸುತ್ತಲಿನದು ನಿಜವಲ್ಲ' ಎಂಬ ಭಾವ ತಾನಾಗಿಯೇ ಬಂದು ಕಾಡುತ್ತಿದ್ದರೆ ಈ ಅಭ್ಯಾಸ ಈಗ ಬೇಡ. ವೈದ್ಯರನ್ನು ಕಾಣಿ, ಜನರ ಜೊತೆಗಿರಿ. ಗ್ರಂಥ ಎಲ್ಲಿಗೂ ಹೋಗುವುದಿಲ್ಲ.

## ಹಂತ 1: ಪದಗಳನ್ನು ತೊಳೆದಿಟ್ಟುಕೊಳ್ಳಿ

ಈ ವಿಷಯದಲ್ಲಿ ಕನ್ನಡಿಗರಿಗಿರುವ ತೊಡಕು ವಿಚಿತ್ರವಾದದ್ದು. ಪದಗಳೆಲ್ಲ ನಮಗೆ ಪರಿಚಿತ, ಅರ್ಥ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಓದುವವನು ಗೊತ್ತಿಲ್ಲದ ಪದ ಕಂಡು ನಿಲ್ಲುತ್ತಾನೆ. ನಾವು ಗೊತ್ತಿದೆ ಎಂದುಕೊಂಡು ದಾಟಿಬಿಡುತ್ತೇವೆ.

ವ್ಯಕ್ತಿಯನ್ನು ಬೌದ್ಧರು ಬಿಡಿಸಿ ನೋಡುವ ಐದು ಗುಂಪುಗಳಾದ ಸ್ಕಂಧಗಳನ್ನೇ ನೋಡಿ: ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ. 'ರೂಪ' ಇಲ್ಲಿ ಚೆಲುವಲ್ಲ, ದೇಹವೂ ಸೇರಿದಂತೆ ಭೌತಿಕವಾದದ್ದೆಲ್ಲ. 'ವೇದನೆ' ನೋವಲ್ಲ. ಹಿತ, ಅಹಿತ, ಎರಡೂ ಅಲ್ಲದ್ದು, ಈ ಮೂರು ಬಗೆಯ ಅನುಭವದ ರುಚಿ ಅದು. ತಂಗಾಳಿ ಬೀಸಿದಾಗ ಆಗುವ ಹಾಯ್ ಎನ್ನುವ ಅನುಭವವೂ ವೇದನೆಯೇ. 'ಸಂಜ್ಞೆ' ಕೈಸನ್ನೆಯಲ್ಲ; 'ಇದು ಮಾವು, ಅದು ಕೆಂಪು' ಎಂದು ಗುರುತು ಹಿಡಿಯುವ ಕೆಲಸ. 'ಸಂಸ್ಕಾರ' ಎಂದೊಡನೆ ನಮಗೆ ಉಪನಯನ, ಅಂತ್ಯಕ್ರಿಯೆ ಅಥವಾ 'ಸಂಸ್ಕಾರವಂತ ಹುಡುಗ' ನೆನಪಾಗುತ್ತದೆ. ಇಲ್ಲಿ ಅದು ಇಚ್ಛೆ, ಚಟ, ಒಲವು, ಹಗೆ ಹೀಗೆ ಮನಸ್ಸನ್ನು ಒಂದು ಕಡೆಗೆ ತಳ್ಳುವ ಶಕ್ತಿಗಳ ಗುಂಪು. 'ವಿಜ್ಞಾನ' ಸೈನ್ಸ್ ಅಲ್ಲ. ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸುಗಳ ಮೂಲಕ ಉಂಟಾಗುವ ಅರಿವು. 'ಧರ್ಮ' ಬಹುವಚನದಲ್ಲಿ ಬಂದರೆ ಮತಧರ್ಮವಲ್ಲ, ಇರುವ ಸಂಗತಿಗಳು.

ಎಲ್ಲಕ್ಕಿಂತ ಹೆಚ್ಚು ಮಂದಿ ಎಡವುವುದು 'ಸ್ವಭಾವ'ದಲ್ಲಿ. 'ಅವಳ ಸ್ವಭಾವ ಮೆದು' ಎನ್ನುವಾಗಿನ ಸ್ವಭಾವ ಇದಲ್ಲ. ನಾಗಾರ್ಜುನ 15ನೇ ಪ್ರಕರಣದಲ್ಲಿ ಅದರ ಲಕ್ಷಣ ಹೇಳುತ್ತಾನೆ: ಮಾಡಲ್ಪಡದ್ದು, ಬೇರೆ ಯಾವುದರ ಅಪೇಕ್ಷೆಯೂ ಇಲ್ಲದ್ದು. ಕನ್ನಡದಲ್ಲಿ 'ತನ್ನಿಂದ ತಾನೇ ಇರುವಿಕೆ' ಎಂದಿಟ್ಟುಕೊಳ್ಳಿ. ಮಾಧ್ಯಮಿಕ ದಾರಿಯಲ್ಲಿ ಶೂನ್ಯತೆ ಎಂದರೆ ಇಷ್ಟೇ: ವಸ್ತುಗಳಲ್ಲಿ ಈ ಸ್ವಭಾವ ಇಲ್ಲದಿರುವುದು. ವಸ್ತುವೇ ಇಲ್ಲ ಎಂಬ ಅರ್ಥ ಅದಕ್ಕಿಲ್ಲ. ಕೊಡ ಖಾಲಿ ಎಂದರೆ ಕೊಡದಲ್ಲಿ ನೀರಿಲ್ಲ ಎಂದರ್ಥ. ಕೊಡವೇ ಇಲ್ಲ ಎಂದು ಯಾರೂ ತಿಳಿಯುವುದಿಲ್ಲ. ಆದ್ದರಿಂದ 'ಶೂನ್ಯ' ಎಂಬ ಪದ ಬಂದಾಗಲೆಲ್ಲ 'ಯಾವುದರಿಂದ ಶೂನ್ಯ?' ಎಂದು ಕೇಳಿ, ಉತ್ತರವನ್ನು ಅಂಚಿನಲ್ಲಿ ಬರೆದಿಡಿ.

'ಅನಾತ್ಮ' (ಪಾಲಿಯಲ್ಲಿ 'ಅನತ್ತ') ಮತ್ತು 'ಶೂನ್ಯತೆ' ಹೇಗೆ ಕೂಡುತ್ತವೆ ಎಂದು ಪದೇ ಪದೇ ಕೇಳುತ್ತಾರೆ. ಮೊದಲು ವ್ಯಕ್ತಿಯಲ್ಲಿ ಆತ್ಮವಿಲ್ಲ ಎಂದು ನೋಡುವುದು ಪುದ್ಗಲನೈರಾತ್ಮ್ಯ. ಅದೇ ಪರೀಕ್ಷೆಯನ್ನು ಎಲ್ಲ ಸಂಗತಿಗಳಿಗೂ ಚಾಚಿದರೆ ಧರ್ಮನೈರಾತ್ಮ್ಯ. ಮಾಧ್ಯಮಿಕರಿಗೆ ಎರಡರಲ್ಲೂ ನಿರಾಕರಣೆಯಾಗುವುದು ತನ್ನಿಂದ ತಾನೇ ಇರುವಿಕೆಯೇ.

## ಹಂತ 2: ಅಲ್ಲಗಳೆಯಬೇಕಾದ 'ನಾನು' ಯಾವುದೆಂದು ಹಿಡಿಯಿರಿ

ಇದು ಎಲ್ಲರೂ ಹಾರಿಸುವ ಹಂತ. ಮಾಧ್ಯಮಿಕ ಆಚಾರ್ಯ ಶಾಂತಿದೇವ ತನ್ನ ಬೋಧಿಚರ್ಯಾವತಾರದ ಒಂಬತ್ತನೇ ಅಧ್ಯಾಯದಲ್ಲಿ ಹೇಳುತ್ತಾನೆ: ಕಲ್ಪಿಸಿಕೊಂಡ ವಸ್ತುವನ್ನು ಮುಟ್ಟದೆ ಅದರ ಇಲ್ಲದಿರುವಿಕೆ ಕೈಗೆ ಸಿಗದು. ಕಳ್ಳ ಹೇಗಿದ್ದಾನೆಂದು ತಿಳಿಯದೆ ಸಂತೆಯಲ್ಲಿ ಹುಡುಕಿ, 'ಕಳ್ಳ ಇಲ್ಲ' ಎಂದು ಬಂದರೆ ಆ ಮಾತಿಗೆ ಏನು ಬೆಲೆ?

ಒಂದು ಪ್ರಸಂಗ. ಬಸ್ಸಿನಲ್ಲಿ ಕೂತಿದ್ದೀರಿ. ಟಿಕೆಟ್ ಜೇಬಿನಲ್ಲಿದೆ. ಚೆಕಿಂಗ್‌ನವರು ಹತ್ತಿದರು, ನಿಮ್ಮ ಮುಂದೆ ನಿಂತು ನಾಲ್ಕು ಸೀಟಿಗೆ ಕೇಳುವಂತೆ ಹೇಳಿದರು: "ಏನ್ರೀ, ಟಿಕೆಟ್ ಇಲ್ದೇ ಕೂತ್ಬಿಟ್ಟಿದ್ದೀರಲ್ಲ." ಜನ ತಿರುಗಿ ನೋಡಿದರು. ಜೇಬಿಗೆ ಕೈ ಹೋಗುವ ಮುಂಚೆಯೇ ಕಿವಿ ಬಿಸಿಯಾಗುತ್ತದೆ, ಎದೆಯೊಳಗಿಂದ ಏನೋ ಎದ್ದು ನಿಲ್ಲುತ್ತದೆ: "ನನಗಾ?" ಆ 'ನಾನು' ಹೇಗೆ ಕಾಣುತ್ತದೆ ಎಂದು ಗಮನಿಸಿ. ದೇಹದಂತೆಯೂ ಅಲ್ಲ, ಯೋಚನೆಗಳಂತೆಯೂ ಅಲ್ಲ. ದೇಹ, ಮನಸ್ಸು ಎರಡಕ್ಕೂ ಯಜಮಾನನಂತೆ, ಯಾರ ಹಂಗೂ ಇಲ್ಲದೆ, ತನ್ನ ಬಲದಿಂದಲೇ ಅಲ್ಲಿ ನಿಂತಂತೆ ಕಾಣುತ್ತದೆ. ನಿಷೇಧ್ಯ, ಅಂದರೆ ಅಲ್ಲಗಳೆಯಬೇಕಾದದ್ದು, ಇದು.

ಅರ್ಧ ಗಂಟೆ ಮೊದಲು "ನಾನು ಟಿಕೆಟ್ ತಗೊಂಡೆ" ಎಂದಾಗಿನ 'ನಾನು' ಬೇರೆ. ಅದು ಬರೀ ವ್ಯವಹಾರದ ಮಾತು, ಅದನ್ನು ಮುಟ್ಟಬೇಡಿ.

ಒಂದು ವಾರ ನೋಟ್‌ಬುಕ್ಕಿನಲ್ಲಿ ಇಂಥ ಕ್ಷಣಗಳನ್ನು ಬರೆಯಿರಿ. ಯಾವಾಗ ಎದ್ದಿತು, ಮೈಯಲ್ಲಿ ಎಲ್ಲಿ ಇದ್ದಂತೆ ತೋರಿತು, ತಾನು ಏನೆಂದು ಹೇಳಿಕೊಂಡಿತು. ಬೈಗುಳದಲ್ಲಷ್ಟೇ ಅಲ್ಲ, ಹೊಗಳಿಕೆಯಲ್ಲೂ ಅದು ಏಳುತ್ತದೆ. ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ, ಕಣ್ಣಂಚಿನಲ್ಲಿ ನೋಡಬೇಕು. ತಿಳಿನೀರನ್ನು ಕದಡದೆ ಈಜುವ ಪುಟ್ಟ ಮೀನಿನ ಹಾಗೆ, ಎಂದು ಟಿಬೆಟಿನ ಗುರುಗಳು ಹೋಲಿಕೆ ಕೊಡುತ್ತಾರೆ.

ತಪ್ಪು ಎರಡು ದಿಕ್ಕಿನಲ್ಲಿ ಆಗುತ್ತದೆ. ಗುರಿ ತೀರಾ ಅಗಲವಾದರೆ ಊಟ ಮಾಡುವ, ಸಾಲ ತೀರಿಸುವ ವ್ಯಕ್ತಿಯನ್ನೂ ಅಳಿಸಿಹಾಕುತ್ತೀರಿ, 'ಏನೂ ಇಲ್ಲ' ಎನ್ನುವ ಉಚ್ಛೇದವಾದಕ್ಕೆ ಬೀಳುತ್ತೀರಿ. ಗುರಿ ತೀರಾ ಕಿರಿದಾದರೆ ಶಾಸ್ತ್ರಗಳಲ್ಲಿ ಹೇಳಿದ 'ನಿತ್ಯ, ಏಕ, ಸ್ವತಂತ್ರ ಆತ್ಮ'ವನ್ನು ಮಾತ್ರ ಖಂಡಿಸಿ ತೃಪ್ತರಾಗುತ್ತೀರಿ. ಚಂದ್ರಕೀರ್ತಿ ಮಧ್ಯಮಕಾವತಾರದಲ್ಲಿ ಇದನ್ನು ಎತ್ತಿ ತೋರಿಸುತ್ತಾನೆ: ಕಲ್ಪಗಟ್ಟಲೆ ಪಶುಜನ್ಮದಲ್ಲಿ ಕಳೆದ ಜೀವಿಗಳಿಗೆ ಅಂಥ ನಿತ್ಯ ಆತ್ಮದ ಕಲ್ಪನೆಯೇ ಇಲ್ಲ, 'ನಾನು' ಎಂಬ ಹಿಡಿತವಂತೂ ಇದೆ. ಪುಸ್ತಕದ ಆತ್ಮವನ್ನು ಖಂಡಿಸಿದ ಮಾತ್ರಕ್ಕೆ ಬಸ್ಸಿನಲ್ಲಿ ಕಿವಿ ಬಿಸಿಯಾಗುವುದು ನಿಲ್ಲುವುದಿಲ್ಲ.

## ಹಂತ 3: ಹುಡುಕುವ ಜಾಗಕ್ಕೆ ಗಡಿ ಹಾಕಿ

ಚಿಕ್ಕ ಹಂತ, ಬಿಡುವಂತಿಲ್ಲ. ಆ 'ನಾನು' ನಿಜಕ್ಕೂ ತನ್ನಿಂದ ತಾನೇ ಇದ್ದರೆ ಐದು ಸ್ಕಂಧಗಳೇ ಅದಾಗಿರಬೇಕು, ಇಲ್ಲವೇ ಅವುಗಳಿಂದ ಬೇರೆಯಾಗಿರಬೇಕು. ಮೂರನೇ ದಾರಿ ಇದೆಯೇ? ಕೂತು ಯೋಚಿಸಿ, ಇಲ್ಲವೆಂದು ನಿಮಗೇ ಖಚಿತವಾಗುವವರೆಗೆ ಮುಂದಕ್ಕೆ ಹೋಗಬೇಡಿ.

ಬೀಗದಕೈ ಮನೆಯಲ್ಲಿಲ್ಲ ಎಂದು ಗಟ್ಟಿಯಾಗಿ ಹೇಳಬೇಕಾದರೆ ಮನೆಗೆ ಎಷ್ಟು ಕೋಣೆ ಎಂಬುದು ಮೊದಲು ಗೊತ್ತಿರಬೇಕು. ಇಲ್ಲವಾದರೆ ಎಷ್ಟು ಹುಡುಕಿದರೂ ಕೊನೆಗೆ 'ಇನ್ನೆಲ್ಲೋ ಇರಬಹುದು' ಎಂಬ ಸಂದೇಹ ಉಳಿದೇಬಿಡುತ್ತದೆ.

## ಹಂತ 4: ಹುಡುಕಿ

ಮೊದಲ ಕೋಣೆ: ಸ್ಕಂಧಗಳೇ ನಾನು. ಅನತ್ತಲಕ್ಖಣ ಸುತ್ತದ ಪ್ರಶ್ನೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ದೇಹ ನಾನಾಗಿದ್ದರೆ 'ಹೀಗಿರು, ಹೀಗಿರಬೇಡ' ಎಂದರೆ ಕೇಳಬೇಕಿತ್ತು. ತಲೆನೋವು ಬಂದಾಗ ಹೇಳಿ ನೋಡಿ. ವೇದನೆಗೆ ಹೇಳಿ, ಯೋಚನೆಗೆ ಹೇಳಿ. ಒಂದೊಂದನ್ನೂ ಪ್ರತ್ಯೇಕವಾಗಿ ಎತ್ತಿಕೊಳ್ಳಿ, ಒಂದು ದಿನಕ್ಕೆ ಒಂದೇ ಸ್ಕಂಧ. ಆಮೇಲೆ 18ನೇ ಪ್ರಕರಣದ ಮೊದಲ ಕಾರಿಕೆ ಸೇರಿಸಿ: ಆತ್ಮ ಸ್ಕಂಧಗಳೇ ಆಗಿದ್ದರೆ ಅವುಗಳಂತೆ ಹುಟ್ಟಿ ಅಳಿಯಬೇಕು. ಸ್ಕಂಧಗಳು ಐದು, ಹಾಗಾದರೆ ನೀವೂ ಐದೇ?

ಎರಡನೇ ಕೋಣೆ: ಸ್ಕಂಧಗಳಿಂದ ಬೇರೆಯಾದ ನಾನು. ಅದೇ ಕಾರಿಕೆಯ ಉತ್ತರಾರ್ಧ: ಹಾಗಿದ್ದರೆ ಅದಕ್ಕೆ ಸ್ಕಂಧಗಳ ಯಾವ ಲಕ್ಷಣವೂ ಇರಬಾರದು. ನೋಡುವುದಿಲ್ಲ, ನೋಯುವುದಿಲ್ಲ, ಗುರುತಿಸುವುದಿಲ್ಲ, ಬಯಸುವುದಿಲ್ಲ, ಅರಿಯುವುದಿಲ್ಲ. ಇವನ್ನೆಲ್ಲ ತೆಗೆದಿಟ್ಟ ಮೇಲೆ ಬಸ್ಸಿನಲ್ಲಿ ಅವಮಾನವಾದದ್ದು ಯಾರಿಗೆ?

ಇಲ್ಲಿ ಹತ್ತರಲ್ಲಿ ಎಂಟು ಮಂದಿ ಸಾಕ್ಷಿಯ ಬಾಗಿಲಿಗೆ ಓಡುತ್ತಾರೆ. ಅದ್ವೈತದ 'ನೇತಿ ನೇತಿ' ನಮ್ಮ ಕಿವಿಗೆ ಚಿಕ್ಕಂದಿನಿಂದ ಬಿದ್ದಿದೆ. 'ಇವೆಲ್ಲ ನಾನಲ್ಲ, ಇವನ್ನು ಬೆಳಗುವ ಚೈತನ್ಯ ನಾನು' ಎಂಬ ವಾಕ್ಯ ತಾನಾಗಿಯೇ ಬಾಯಿಗೆ ಬರುತ್ತದೆ. ಅದು ಗೌರವಾರ್ಹ ದರ್ಶನವೇ, ಆದರೆ ಅದರ ಗುರಿ ಬೇರೆ. ಬುದ್ಧನ ಕಾಲದಲ್ಲೇ ಸಾತಿ ಎಂಬ ಭಿಕ್ಷು 'ಇದೇ ವಿಜ್ಞಾನ ಜನ್ಮದಿಂದ ಜನ್ಮಕ್ಕೆ ಓಡುತ್ತದೆ' ಎಂದಿದ್ದಕ್ಕೆ ಬುದ್ಧ ಅವನನ್ನು ಕರೆಸಿ ತಿದ್ದಿದ ಪ್ರಸಂಗ ಮಜ್ಝಿಮ ನಿಕಾಯ ಎಂಬ ಇನ್ನೊಂದು ಸುತ್ತಸಂಗ್ರಹದಲ್ಲಿದೆ. ಅಲ್ಲಿ ಕೊಡುವ ಹೋಲಿಕೆ ಬೆಂಕಿಯದು. ಸೌದೆಯಿಂದ ಉರಿದರೆ ಸೌದೆ ಬೆಂಕಿ, ಹುಲ್ಲಿನಿಂದ ಉರಿದರೆ ಹುಲ್ಲಿನ ಬೆಂಕಿ, ಬೆರಣಿಯಿಂದ ಉರಿದರೆ ಬೆರಣಿ ಬೆಂಕಿ. ಹಾಗೆಯೇ ಕಣ್ಣು ಮತ್ತು ಬಣ್ಣವನ್ನು ಅವಲಂಬಿಸಿ ಹುಟ್ಟಿದರೆ ಕಣ್ಣಿನ ವಿಜ್ಞಾನ, ಕಿವಿ ಮತ್ತು ಸದ್ದನ್ನು ಅವಲಂಬಿಸಿದರೆ ಕಿವಿಯ ವಿಜ್ಞಾನ. ಯಾವ ಸೌದೆಯೂ ಇಲ್ಲದ ಬರೀ ಬೆಂಕಿ ಎಂಬುದು ಎಲ್ಲಿದೆ?

ಸಾಕ್ಷಿ ಕಾಣಿಸಿಕೊಂಡ ಕೂಡಲೇ ಅದನ್ನೂ ಹಂತ 3ರ ಪ್ರಶ್ನೆಗೆ ಒಡ್ಡಿ: ಇದು ಸ್ಕಂಧವೋ, ಬೇರೆಯೋ? ಅರಿಯುತ್ತದೆ ಎಂದಾದರೆ ಅದು ವಿಜ್ಞಾನಸ್ಕಂಧ. ಅರಿಯುವುದಿಲ್ಲ ಎಂದಾದರೆ ಸಾಕ್ಷಿ ಎಂಬ ಹೆಸರೇಕೆ?

ಹುಡುಕಿ ಸಿಗದಿದ್ದಾಗ ಆ ಸಿಗದಿರುವಿಕೆಯಲ್ಲಿಯೇ ಒಂದೆರಡು ನಿಮಿಷ ನಿಲ್ಲಿ. ಎದೆ ಒಮ್ಮೆ ಝಲ್ಲೆನ್ನಬಹುದು. ಕೈಯಲ್ಲಿದ್ದದ್ದು ಕಳೆದುಹೋದಂತೆ ಅನಿಸಬಹುದು. ಅದು ಸಹಜ. ಆದರೆ ಎದ್ದ ಮೇಲೂ ಗಂಟೆಗಟ್ಟಲೆ ಸುತ್ತಲಿನದು ಗಾಜಿನಾಚೆ ಇದ್ದಂತೆ ಕಂಡರೆ, ಮಕ್ಕಳ ಮಾತು ತಟ್ಟದಂತಾದರೆ, ಅದು ಒಳನೋಟವಲ್ಲ. ಅಭ್ಯಾಸ ನಿಲ್ಲಿಸಿ.

## ಹಂತ 5: ವಸ್ತುಗಳಿಗೂ ಅದೇ ಪರೀಕ್ಷೆ

ಮಿಲಿಂದ ಪ್ರಶ್ನೆ ಎಂಬ ಪಾಲಿ ಗ್ರಂಥದಲ್ಲಿ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು? ಗಾಲಿಯೇ, ಅಚ್ಚೇ, ನೊಗವೇ? ಊರ ತೇರನ್ನು ಹತ್ತಿರದಿಂದ ಕಂಡವರಿಗೆ ಇದು ಕೂಡಲೇ ಹತ್ತುತ್ತದೆ. ಜಾತ್ರೆ ಮುಗಿದ ಮೇಲೆ ಗಳ, ಬಟ್ಟೆ, ಹಗ್ಗ, ಕಳಸ ಒಂದೊಂದೇ ಬಿಚ್ಚುತ್ತಾರೆ. ಎಷ್ಟನೆಯದನ್ನು ಬಿಚ್ಚಿದಾಗ ತೇರು ಹೋಯಿತು?

ಇಲ್ಲಿ ಆಗುವ ತಪ್ಪು: 'ತೇರು ಬರೀ ಹೆಸರು, ಗಾಲಿ ಮಾತ್ರ ನಿಜ' ಎಂದು ನಿಲ್ಲುವುದು. ಬಿಡಿಭಾಗಗಳಿಗೆ, ಕಣಗಳಿಗೆ, ಕ್ಷಣಗಳಿಗೆ ಸ್ವಭಾವ ಉಳಿಸಿಬಿಡುವ ಈ ನಿಲುವನ್ನೇ ನಾಗಾರ್ಜುನ ಒಡೆಯುವುದು. ಗಾಲಿಗೂ ಅದೇ ಪ್ರಶ್ನೆ, ಗಾಲಿಯ ಮರಕ್ಕೂ ಅದೇ.

ಒಂದು ಕೈಕೆಲಸ ಹೇಳುತ್ತೇನೆ, ದಯವಿಟ್ಟು ಮಾಡಿ. ಸಂಯುತ್ತ ನಿಕಾಯದ ಫೇಣ ಸುತ್ತದಲ್ಲಿ ಐದು ಸ್ಕಂಧಗಳಿಗೆ ಐದು ಹೋಲಿಕೆಗಳಿವೆ: ರೂಪಕ್ಕೆ ನೊರೆ, ವೇದನೆಗೆ ನೀರಗುಳ್ಳೆ, ಸಂಜ್ಞೆಗೆ ಬಿಸಿಲ್ಗುದುರೆ, ಸಂಸ್ಕಾರಕ್ಕೆ ಬಾಳೆಯ ಕಾಂಡ, ವಿಜ್ಞಾನಕ್ಕೆ ಕಣ್ಕಟ್ಟು. ಚೇಗಿನ ಮರ ಬೇಕೆಂದು ಕಾಡಿಗೆ ಹೋದವನು ನೆಟ್ಟಗಿನ ಬಾಳೆ ಕಡಿದು, ಪಟ್ಟೆ ಸುಲಿಯುತ್ತಾ ಹೋಗುತ್ತಾನೆ. ಚೇಗು ಹಾಗಿರಲಿ, ಮೇಲುಮರವೂ ಸಿಗುವುದಿಲ್ಲ. ನಮ್ಮ ಕಡೆಯವರು ತಕ್ಷಣ ಹೇಳುತ್ತಾರೆ: "ಒಳಗೆ ದಿಂಡು ಇರತ್ತಲ್ಲ, ಪಲ್ಯ ಮಾಡ್ತೀವಲ್ಲ!" ನ್ಯಾಯವಾದ ಆಕ್ಷೇಪ. ಆದರೆ ಸುತ್ತ ಹೇಳುವುದು ಒಳಗೆ ದಿಂಡು ಇನ್ನೂ ಕಟ್ಟದ ಎಳೆ ಬಾಳೆಯನ್ನು. ಗೊನೆಗೆ ತಿರುಗುವ ಹೊತ್ತಿಗೆ ತಾನೇ ದಿಂಡು ಮೇಲೇರುವುದು. ಹಿತ್ತಲಲ್ಲಿ ಅಂಥದ್ದೊಂದು ಮರಿ ಬಾಳೆ ಸಿಕ್ಕರೆ ಸುಲಿಯಿರಿ. ಹೊರಗಿನ ಒರಟು ಪಟ್ಟೆ, ಅದರೊಳಗೆ ನುಣುಪಾದದ್ದು, ಅದರೊಳಗೆ ಬೆಳ್ಳಗೆ ತಂಪಾಗಿ ಬೆರಳಿಗಂಟುವುದು, ಗೂಡುಗೂಡಾದ ಅಂಚಿನಿಂದ ನೀರು ಜಿನುಗುತ್ತದೆ, ಕೈಗೆ ಕರೆ ಹತ್ತುತ್ತದೆ. ಕೊನೆಗೆ ಸುರುಳಿ ಸುತ್ತಿದ ಎಳೆ ಎಲೆ, ಅದೂ ಬಿಚ್ಚಿಕೊಳ್ಳುತ್ತದೆ. ಕಾಂಡ ಎಂದುಕೊಂಡದ್ದೆಲ್ಲ ಎಲೆಯ ಬುಡಗಳು ಒಂದನ್ನೊಂದು ತಬ್ಬಿ ನಿಂತದ್ದು.

ಈಗ ಮುಖ್ಯ ಪ್ರಶ್ನೆ: ಚೇಗಿಲ್ಲದ ಆ ಮರ ನಿಂತಿರಲಿಲ್ಲವೇ? ನಿಂತಿತ್ತು. ಈ ಪ್ರಶ್ನೆಯೇ ಮುಂದಿನ ಹಂತದ ಬಾಗಿಲು.

## ಹಂತ 6: 'ಸಿಗಲಿಲ್ಲ' ಎಂಬುದನ್ನು 'ಅವಲಂಬಿಸಿದೆ' ಎಂದು ಓದಿ

24ನೇ ಪ್ರಕರಣದ 18ನೇ ಕಾರಿಕೆ ಬಾಯಿಪಾಠ ಮಾಡುವಂಥದ್ದು: 'ಯಃ ಪ್ರತೀತ್ಯಸಮುತ್ಪಾದಃ ಶೂನ್ಯತಾಂ ತಾಂ ಪ್ರಚಕ್ಷ್ಮಹೇ.' ಯಾವುದು ಅವಲಂಬಿಸಿ ಹುಟ್ಟುವುದೋ ಅದನ್ನೇ ನಾವು ಶೂನ್ಯತೆ ಎನ್ನುತ್ತೇವೆ. ಅವಲಂಬನೆಯನ್ನು ಮೂರು ಪದರದಲ್ಲಿ ನೋಡಿ: ಕಾರಣಗಳ ಮೇಲೆ, ಭಾಗಗಳ ಮೇಲೆ, ಹೆಸರಿಟ್ಟು ಬಳಸುವ ಮನಸ್ಸಿನ ಮೇಲೆ.

ಮೂರನೆಯದು ಕಷ್ಟ, ಅದಕ್ಕೊಂದು ಉದಾಹರಣೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳ ಕಾಗದ ಬದಲಾಗಲಿಲ್ಲ, ಶಾಯಿ ಬದಲಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಅವು ಚಲಾವಣೆಯ ಹಣವಾಗಿರಲಿಲ್ಲ. ಹಣವೆಂಬುದು ಕಾಗದದೊಳಗೆ ಕೂತಿದ್ದರೆ ಎಲ್ಲಿಗೆ ಹೋಯಿತು? ಹಾಗೆಂದು ಹಣ ಸುಳ್ಳೇ? ಆ ದಿನಗಳಲ್ಲಿ ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತವರನ್ನು ಕೇಳಿ. ತನ್ನಿಂದ ತಾನೇ ಇಲ್ಲದ್ದು ಎಷ್ಟು ಬಲವಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಅವರ ಕಾಲುನೋವೇ ಉತ್ತರ.

ಈ ಉದಾಹರಣೆಗೊಂದು ಅಪಾಯವಿದೆ. 'ನೋಟು ಜನ ಒಪ್ಪಿದ್ದು, ಅದಕ್ಕೇ ಶೂನ್ಯ. ಬಂಡೆ ಹಾಗಲ್ಲ' ಎಂದು ಗೆರೆ ಎಳೆಯಬೇಡಿ. ಬಂಡೆಯೂ ಕಾರಣಗಳಿಂದ, ಭಾಗಗಳಿಂದ, 'ಇದು ಒಂದು ಬಂಡೆ, ಅದು ಪಕ್ಕದ ಮಣ್ಣು' ಎಂದು ಬೇರ್ಪಡಿಸುವ ಗುರುತಿನಿಂದ. ನೋಟಿನಲ್ಲಿ ಅದು ಬೇಗ ಕಾಣುತ್ತದೆ, ಬಂಡೆಯಲ್ಲಿ ತಡವಾಗಿ.

ಸರಿಯಾಗಿ ಸಾಗುತ್ತಿದ್ದೀರಿ ಎಂಬುದಕ್ಕೆ ಗುರುತು: 'ಶೂನ್ಯ' ಎಂದಾಗ ಕಾರಣಗಳು ನೆನಪಾಗಬೇಕು, 'ಕಾರಣದಿಂದ ಬಂತು' ಎಂದಾಗ ಶೂನ್ಯತೆ ನೆನಪಾಗಬೇಕು. ಒಂದು ಬಂದರೆ ಇನ್ನೊಂದು ಮಸುಕಾಗುತ್ತಿದ್ದರೆ ಈ ಹಂತ ಮುಗಿದಿಲ್ಲ. ಕಚ್ಚಾನಗೋತ್ತ ಸುತ್ತಕ್ಕೆ ಹೋಗಿ. 'ಎಲ್ಲವೂ ಇದೆ' ಒಂದು ಅಂಚು, 'ಎಲ್ಲವೂ ಇಲ್ಲ' ಇನ್ನೊಂದು ಅಂಚು, ಎರಡನ್ನೂ ಸೇರದೆ ನಡುವಿನಿಂದ ಬುದ್ಧ ಬೋಧಿಸುವುದು ಅಲ್ಲಿದೆ. ನಾಗಾರ್ಜುನ 15ನೇ ಪ್ರಕರಣದಲ್ಲಿ ಹೆಸರು ಹೇಳಿ ನೆನೆಯುವುದು ಇದೇ ಬೋಧನೆಯನ್ನು.

## ಹಂತ 7: ವ್ಯವಹಾರಕ್ಕೆ ಮರಳಿ

'ಎಲ್ಲ ಶೂನ್ಯ, ಪಾಪ ಪುಣ್ಯ ಯಾಕೆ' ಎಂಬ ಮಾತಿಗೆ 24ನೇ ಪ್ರಕರಣ ಪೂರ್ತಿಯಾಗಿ ಉತ್ತರ. ಪ್ರತಿವಾದಿ ಇದೇ ಆಕ್ಷೇಪ ಎತ್ತುತ್ತಾನೆ, ನಾಗಾರ್ಜುನ ತಿರುಗಿಸುತ್ತಾನೆ: ವಸ್ತುಗಳು ತಮ್ಮಿಂದ ತಾವೇ ಇದ್ದರೆ ಬದಲಾಗಲಾರವು, ಆಗ ಕರ್ಮವೂ ನಡೆಯದು, ದುಃಖವೂ ನೀಗದು. ಶೂನ್ಯತೆ ಸಲ್ಲುವವನಿಗೆ ಎಲ್ಲವೂ ಸಲ್ಲುತ್ತದೆ. ಮಗುವಿಗೆ ಸುಳ್ಳು ಹೇಳಿದರೆ ನೋವಾಗುತ್ತದೆ, ಏಕೆಂದರೆ ಆ ನೋವು ನಿಮ್ಮ ಮಾತನ್ನು ಅವಲಂಬಿಸಿದೆ.

ಅದೇ ಪ್ರಕರಣದಲ್ಲಿ ಎಚ್ಚರಿಕೆಯೂ ಇದೆ: ತಪ್ಪಾಗಿ ನೋಡಿದ ಶೂನ್ಯತೆ ಮಂದಬುದ್ಧಿಯವನನ್ನು ಹಾಳುಮಾಡುತ್ತದೆ, ತಪ್ಪಾಗಿ ಹಿಡಿದ ಹಾವಿನಂತೆ. ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲೂ ಹಾವು ಬರುತ್ತದೆ. ಕವೆಗೋಲಿನಿಂದ ಒತ್ತಿ ಕುತ್ತಿಗೆ ಹಿಡಿಯಬೇಕು, ಬಾಲ ಹಿಡಿದರೆ ತಿರುಗಿ ಕಚ್ಚುತ್ತದೆ. ಬಾಲ ಹಿಡಿದಿದ್ದೀರಿ ಎಂಬುದರ ಗುರುತುಗಳು ಇವು: ಕೊಟ್ಟ ಮಾತಿನ ಬಗ್ಗೆ ಉಡಾಫೆ, ಬೇರೆಯವರು ಅಳುವಾಗ 'ಅಳುವವರು ಯಾರು?' ಎಂದು ಕೇಳುವ ಚಾಳಿ. ಜನರಿಗಿಂತ ಮೇಲೆ ನಿಂತಂತೆ ಅನಿಸುವುದು. ನಮ್ಮ ಕೂಟದಲ್ಲಿ ಒಬ್ಬರು ಗೆಳೆಯನ ತಂದೆ ತೀರಿಕೊಂಡ ದಿನ ಈ ಬಗೆಯ ಮಾತಾಡಿದರು. ನಾನು ಅವರನ್ನು ಹಂತ 2ಕ್ಕೆ ಕಳಿಸಿದೆ, ಎರಡು ತಿಂಗಳು ಕಾರಿಕೆ ಮುಟ್ಟಬಾರದೆಂದೆ. ಈಗಲೂ ಹಾಗೆಯೇ ಮಾಡುತ್ತೇನೆ.

## ಹಂತ 8: ಶೂನ್ಯತೆಯೂ ಶೂನ್ಯ

ಇಷ್ಟೆಲ್ಲ ಆದ ಮೇಲೆ ಮನಸ್ಸು ಶೂನ್ಯತೆಯನ್ನೇ ಒಂದು ವಸ್ತು ಮಾಡಿಕೊಳ್ಳುತ್ತದೆ: ಎಲ್ಲದರ ಹಿಂದಿರುವ ಒಂದು ವಿಶಾಲ ಬಯಲು, ಎಲ್ಲವೂ ಹುಟ್ಟಿ ಮರಳುವ ತಾಣ. ಅಲ್ಲಮನ ವಚನಗಳನ್ನು ಓದಿ ಬೆಳೆದವರಿಗೆ ಈ ಸೆಳೆತ ಹೆಚ್ಚು. ವಚನಗಳ ಬಯಲು ಶರಣ ಬೆರೆಯುವ ಪರಮ ನೆಲೆ, ಅದಕ್ಕೆ ಅದರದ್ದೇ ಆಳವಿದೆ. ಮಾಧ್ಯಮಿಕರ ಶೂನ್ಯತೆ ಹೋಗಿ ಸೇರುವ ನೆಲೆಯಲ್ಲ. ಈ ಚೊಂಬಿನ ಶೂನ್ಯತೆ ಈ ಚೊಂಬಿನದು, ಚೊಂಬು ಒಡೆದರೆ ಅದರ ಶೂನ್ಯತೆಯ ಮಾತೂ ಮುಗಿಯಿತು.

13ನೇ ಪ್ರಕರಣದ ಕೊನೆಯಲ್ಲಿ ನಾಗಾರ್ಜುನ, ಶೂನ್ಯತೆಯನ್ನೇ ದೃಷ್ಟಿಯಾಗಿ, ಅಂದರೆ ಒಂದು ಮತವಾಗಿ, ಹಿಡಿದವರು ವಾಸಿಯಾಗದವರು ಎನ್ನುತ್ತಾನೆ. ಅದಕ್ಕೆ ಪ್ರಸನ್ನಪದಾ ವ್ಯಾಖ್ಯಾನದಲ್ಲಿ ಚಂದ್ರಕೀರ್ತಿ ಕೊಡುವ ಉದಾಹರಣೆ: ಅಂಗಡಿಯವನು "ಕೊಡೋಕೆ ಏನೂ ಇಲ್ಲ" ಎಂದರೆ ಗಿರಾಕಿ "ಹಾಗಾದ್ರೆ ಆ 'ಏನೂ ಇಲ್ಲ'ವನ್ನೇ ಕೊಡಿ" ಎನ್ನುತ್ತಾನೆ. ಅಂಥ ಗಿರಾಕಿಗೆ ಇಲ್ಲ ಎಂಬುದನ್ನು ತಿಳಿಸುವುದು ಹೇಗೆ?

## ಹಂತ 9: ವಾದಕ್ಕೆ ಕೂತುಕೊಳ್ಳಿ

ಒಬ್ಬರೇ ಯೋಚಿಸಿದ್ದು ಒಬ್ಬರಿಗೇ ಸರಿ ಕಾಣುತ್ತದೆ. ಬೈಲಕುಪ್ಪೆಯ ಸೇರಾ, ಮುಂಡಗೋಡದ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಟಿಬೆಟನ್ ವಿಹಾರಗಳಲ್ಲಿ ಭಿಕ್ಷುಗಳು ಮಾಧ್ಯಮಿಕವನ್ನು ಕಲಿಯುವುದು ವಾದದಲ್ಲಿಯೇ, ಅದೂ ಪ್ರಮಾಣಶಾಸ್ತ್ರ (ತರ್ಕ ಮತ್ತು ಸರಿಯಾದ ಅರಿವಿನ ಶಾಸ್ತ್ರ) ಮತ್ತು ಪ್ರಜ್ಞಾಪಾರಮಿತೆಯ (ಮಹಾಯಾನದ ಪ್ರಜ್ಞೆಯ ಗ್ರಂಥಗಳ) ಪಾಠಗಳಾದ ಮೇಲೆ. ಪ್ರಶ್ನಿಸುವವನು ನಿಂತು ಕೈ ತಟ್ಟಿ ಕೇಳುತ್ತಾನೆ, ಉತ್ತರಿಸುವವನು ಕೂತಿರುತ್ತಾನೆ. ಉತ್ತರಕ್ಕೆ ಉದ್ದ ಭಾಷಣವಿಲ್ಲ: 'ಒಪ್ಪಿದೆ', 'ಕಾರಣ ಸಿದ್ಧವಾಗಲಿಲ್ಲ', 'ವ್ಯಾಪ್ತಿಯಿಲ್ಲ' (ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ), 'ಏಕೆ?' ಇಷ್ಟೇ ಮುಖ್ಯವಾದವು.

ನಿಮ್ಮ ಗೆಳೆಯರೊಂದಿಗೆ ಹೀಗೆಯೇ 15 ನಿಮಿಷ ಮಾಡಿ, ಆಮೇಲೆ ಜಾಗ ಬದಲಿಸಿ. ಅವರಿಂದ ಕೇಳಿಸಿಕೊಳ್ಳಬೇಕಾದ ಪ್ರಶ್ನೆಗಳು ಮೂರು: "ನಾನು ಇಲ್ಲವೆಂದಾದರೆ ನಿನ್ನೆಯ ಸಾಲ ತೀರಿಸಬೇಕಾದವರು ಯಾರು?" "ಶೂನ್ಯತೆ ಇದೆಯೋ ಇಲ್ಲವೋ?" "ಈಗ ಇದನ್ನು ಅರಿತವರು ಯಾರು?" ಮೊದಲನೆಯದಕ್ಕೆ ತಡವರಿಸಿದರೆ ಹಂತ 7ನ್ನು ಮತ್ತೆ ಮಾಡಿ. ಎರಡನೆಯದಕ್ಕೆ ತಡವರಿಸಿದರೆ ಹಂತ 8. ಮೂರನೆಯದಕ್ಕೆ ಉತ್ತರಿಸುವಾಗ ಒಳಗೆ ಏನೋ ಬಿಗಿದು ಎದ್ದು ನಿಂತರೆ ಉತ್ತರ ಕೊಡಬೇಡಿ. ನೋಟ್‌ಬುಕ್ ತೆಗೆದು ಬರೆಯಿರಿ: ಯಾವಾಗ, ಮೈಯಲ್ಲಿ ಎಲ್ಲಿ, ಏನೆಂದು ಹೇಳಿಕೊಂಡಿತು.